ಸುಮ್ಮನಾದ ಹೊಟ್ಟೆ

ಹೆಂಡತಿ ತನ್ನ ಅಕ್ಕನ ಮನೆಗೆ ಹೋದ ಮೇಲೆ ಕನ್ನಡಕದ ಅಂಗಡಿಯವನ ಹೊಟ್ಟೆ ಸುಮ್ಮನಾಯಿತು. ತನಗೊಂದು ಹೊಟ್ಟೆಯಿದೆ ಎಂಬುದೇ ಮರೆತುಹೋಗುವಷ್ಟು ಸುಮ್ಮನಾಯಿತು.

ವರ್ಷಗಟ್ಟಲೆ ಅವನ ಜೀವ ಹಿಂಡಿದ ಹೊಟ್ಟೆ ಅದು. ಉಂಡ ಸ್ವಲ್ಪ ಹೊತ್ತಿಗೆಲ್ಲ ಹೊಕ್ಕುಳ ಸುತ್ತ ಹಿಡಿದು ತಿರುಚುತ್ತಿತ್ತು, ಉಬ್ಬರಿಸುತ್ತಿತ್ತು. ಅಂಗಡಿಯಲ್ಲಿ ಗಿರಾಕಿಯ ಮೂಗಿನ ಮೇಲೆ ಫ್ರೇಮು ಕೂರಿಸುತ್ತಿದ್ದವನನ್ನು ಇದ್ದಕ್ಕಿದ್ದಂತೆ ಎಬ್ಬಿಸಿ ಹಿಂದಿನ ಕಕ್ಕಸಿಗೆ ಓಡಿಸುತ್ತಿತ್ತು. ಡಾಕ್ಟರುಗಳು ಬಾಯಿಂದ ನಳಿಗೆ ಇಳಿಸಿ ನೋಡಿದರು, ಕೆಳಗಿನಿಂದಲೂ ಬಿಟ್ಟು ನೋಡಿದರು, ರಕ್ತ ತೆಗೆದರು, ಕೊನೆಗೆ ಎಲ್ಲ ಸರಿಯಾಗಿದೆ ಎಂದರು. ಎಲ್ಲ ಸರಿಯಿದ್ದರೆ ತಾನೇಕೆ ಹೀಗೆ ಮುದುಡಿ ಕೂರುತ್ತೇನೆ ಎಂದು ಕೇಳಿದ್ದಕ್ಕೆ ಟೆನ್ಷನ್ ಮಾಡಿಕೊಳ್ಳಬೇಡಿ ಎಂದರು. ಆ ಮಾತು ಕೇಳಿದಾಗೆಲ್ಲ ಅವನ ಟೆನ್ಷನ್ನು ದುಪ್ಪಟ್ಟಾಗುತ್ತಿತ್ತು.

ಡಾಕ್ಟರುಗಳು ಕೈಚೆಲ್ಲಿದ ಮೇಲೆ ಹೆಂಡತಿ ಟೊಂಕ ಕಟ್ಟಿ ನಿಂತಳು. ಅವಳಿಗೆ ದಾರಿ ತೋರಿಸಿದ್ದು ಗಂಡನ ಕಸುಬೇ. ಕಣ್ಣು ಪರೀಕ್ಷೆ ಮಾಡುವಾಗ ಅವನು ಒಂದೊಂದೇ ಗಾಜು ತೆಗೆದು 'ಈಗ ಹೇಗೆ ಕಾಣುತ್ತೆ? ಈಗ?' ಎಂದು ಕೇಳುವುದನ್ನು ನೋಡಿ ಅವಳಿಗೆ ರೂಢಿಯಾಗಿತ್ತು. ಅದನ್ನೇ ಅಡುಗೆಮನೆಗೆ ತಂದಳು. ಮೊದಲು ಹಾಲು ಹೋಯಿತು. ಹಿಂದೆಯೇ ಗೋಧಿ ಹೋಯಿತು, ಆಮೇಲೆ ಬೇಳೆ, ಎಣ್ಣೆ, ಖಾರ, ಈರುಳ್ಳಿ. ಪ್ರತಿ ಸಲವೂ ಎದುರು ಕೂತು 'ಈಗ ಹೇಗಿದೆ ರೀ?' ಎಂದು ಕೇಳುತ್ತಿದ್ದಳು. ಹೊಟ್ಟೆ ಯಾವುದಕ್ಕೂ ಜಗ್ಗಲಿಲ್ಲ. ಅವನಿಗೆ ಬಿಡಿಸಿದ್ದನ್ನೆಲ್ಲ ಅವಳೂ ಬಿಟ್ಟಳು. ಹಸಿ ಈರುಳ್ಳಿಯೆಂದರೆ ಜೀವ ಬಿಡುತ್ತಿದ್ದ ಹೆಂಗಸು, ಚೂರು ಉಪ್ಪು ಹಾಕಿ ಬೇಯಿಸಿದ ಕುಂಬಳಕಾಯಿಯನ್ನು ತುಟಿಪಿಟಕ್ಕೆನ್ನದೆ ತಿಂದಳು.

ಅಷ್ಟರಲ್ಲಿ ಅವಳ ಅಕ್ಕ ಮೆಟ್ಟಿಲಿನಿಂದ ಜಾರಿ ಕಾಲು ಮುರಿದುಕೊಂಡಳು. ಹೆಂಡತಿ ನೂರೆಂಟು ಎಚ್ಚರಿಕೆ ಹೇಳಿ ಬಸ್ಸು ಹತ್ತಿದಳು. ಮೊದಮೊದಲು ಅವನು ಕುಂಬಳಕಾಯಿಗೆ ನಿಷ್ಠನಾಗಿಯೇ ಇದ್ದ. ಆಮೇಲೆ ಸೋಮಾರಿತನ ಗೆದ್ದಿತು. ಬೀದಿಯ ತಿರುವಿನ ಅಂಗಡಿಯಲ್ಲಿ ಕರಿದ ಮೀನು, ಮೇಲೊಂದು ಹಿಡಿ ಹಸಿ ಈರುಳ್ಳಿ ತಿಂದು, ತಪ್ಪು ಮಾಡಿದವನಂತೆ ಕುರ್ಚಿಯಲ್ಲಿ ಹೊಟ್ಟೆ ಹಿಡಿದು ಕಾದ. ಏನೂ ಆಗಲಿಲ್ಲ. ಮರುದಿನ ಬೇಕೆಂದೇ ಖಾರ ಜಾಸ್ತಿ ಹಾಕಿಸಿಕೊಂಡ. ಆಗಲೂ ಹೊಟ್ಟೆ ಪಿಟ್ಟೆನ್ನಲಿಲ್ಲ.

ಬೇರೆಯವರಾಗಿದ್ದರೆ ಕುಣಿದಾಡುತ್ತಿದ್ದರು. ಇವನೂ ಒಂದೆರಡು ದಿನ ಸಿಳ್ಳೆ ಹಾಕಿಕೊಂಡು ಓಡಾಡಿದ. ಆಮೇಲೆ ಒಂದು ಬೆಳಿಗ್ಗೆ ಅಜ್ಜಿಯೊಬ್ಬಳ ಕಣ್ಣು ನೋಡುತ್ತಿದ್ದ. ಅಕ್ಷರ ಮಸುಕು, ಇನ್ನೂ ಮಸುಕು ಎಂದು ಅವಳು ಗೊಣಗುತ್ತಲೇ ಇದ್ದಳು.

"ಹಾಂ, ಈಗ ಕಾಣ್ತಿದೆ ನೋಡು. ಯಾವ ಗಾಜು ಹಾಕ್ದೆ?"

"ಏನೂ ಹಾಕ್ಲಿಲ್ಲ ಅಜ್ಜಿ. ಇದ್ದಿದ್ದನ್ನ ತೆಗ್ದೆ ಅಷ್ಟೇ."

ಹೇಳಿದವನ ಕೈ ಅಲ್ಲೇ ನಿಂತಿತು. ಮನೆಯಲ್ಲಿ ಹಾಲು ತೆಗೆದರು, ಗೋಧಿ ತೆಗೆದರು, ಈರುಳ್ಳಿ ತೆಗೆದರು. ತೆಗೆಯದೆ ಉಳಿದಿದ್ದು ಒಂದೇ. ಅದು ಬಸ್ಸು ಹತ್ತಿದ ಮೇಲೆ ಹೊಟ್ಟೆ ಸುಮ್ಮನಾಗಿದೆ.

ಥೂ, ಎಂಥ ಯೋಚನೆ ಎಂದು ತನ್ನನ್ನೇ ಬೈದುಕೊಂಡ. ಬೈದರೆ ಹೋಗುವ ಯೋಚನೆಯಲ್ಲ ಅದು. ಅಂದಿನಿಂದ ಅವನು ಕಾಲು ಸುಟ್ಟ ಬೆಕ್ಕಾದ. ಮನೆಯಲ್ಲಿ ಒಂದು ಕೋಣೆಯಿಂದ ಇನ್ನೊಂದಕ್ಕೆ ಸುಮ್ಮನೆ ತಿರುಗುತ್ತಿದ್ದ. ಕಿಟಕಿ ತೆರೆಯುತ್ತಿದ್ದ, ಮತ್ತೆ ಮುಚ್ಚುತ್ತಿದ್ದ. ಅವಳಿಲ್ಲದೆ ಮನೆ ಬಿಕೋ ಎನ್ನುತ್ತಿತ್ತು, ಅದೂ ಸುಳ್ಳಲ್ಲ. ಅವಳು ಮಡಚಿಟ್ಟ ಟವೆಲ್ಲನ್ನು ಬಿಚ್ಚಲು ಮನಸ್ಸಾಗದೆ ಅಂಗಿಗೇ ಮುಖ ಒರೆಸಿಕೊಳ್ಳುತ್ತಿದ್ದ. ಮನಸ್ಸು ಅವಳು ಬೇಕು ಅನ್ನುತ್ತಿತ್ತು. ಹೊಟ್ಟೆಗೆ ಮಾತ್ರ ಅವಳು ಬೇಡವಾಗಿದ್ದಳೋ ಏನೋ.

ಸಂಜೆ ಸಂಜೆ ಫೋನು ಬರುತ್ತಿತ್ತು.

"ಹೊಟ್ಟೆ ಹೇಗಿದೆ ರೀ?"

"ಹಾಗೇ ಇದೆ."

"ಜಾಸ್ತಿ ಏನಿಲ್ವಲ್ಲ?"

"ಇಲ್ಲ ಇಲ್ಲ. ಯಾವಾಗ್ಲೂ ಇರೋ ಹಾಗೇ."

ಚೆನ್ನಾಗಿದೆ ಎಂದು ಯಾವ ಬಾಯಲ್ಲಿ ಹೇಳುವುದು? ಹೇಳಿದರೆ ಯಾವಾಗಿನಿಂದ ಎಂದು ಕೇಳುತ್ತಾಳೆ. ಅವಳೇನು ಪೆದ್ದಿಯೇ? ಲೆಕ್ಕ ಹಾಕಲು ಅವಳಿಗೆ ಕ್ಷಣ ಸಾಕು.

ಹೀಗಿರುವಾಗ ಷಡ್ಡಕ, ಆ ಅಕ್ಕನ ಗಂಡ, ಅಂಗಡಿಗೇ ಫೋನು ಮಾಡಿದ. ಓದುವ ಕನ್ನಡಕದ ಮೇಲೆ ತಾನೇ ಕೂತು ಅದನ್ನು ಚಪ್ಪಟೆ ಮಾಡಿಕೊಂಡಿದ್ದ. ಅದರ ಮಾತು ಮುಗಿಸಿ ದನಿ ತಗ್ಗಿಸಿದ.

"ಅಲ್ಲಪ್ಪಾ, ಇವಳ ಪ್ಲಾಸ್ಟರ್ ಬಿಚ್ಚಿ ಎಷ್ಟೋ ದಿನ ಆಯ್ತು. ಕೋಲು ಹಿಡ್ಕೊಂಡು ಮಾರ್ಕೆಟ್ಟಿಗೂ ಹೋಗ್ಬರ್ತಾಳೆ. ನಿಮ್ಮಾಕೆ ಮಾತ್ರ ಹೊರಡೋ ಮಾತೇ ಎತ್ತುತ್ತಿಲ್ಲ. ಜಗಳ ಗಿಗಳ ಏನಾದ್ರೂ...?"

"ಛೆ, ಛೆ, ಅಂಥದ್ದೇನಿಲ್ಲ."

ಅಂದು ಸಂಜೆ ಅವನು ಕಿವಿಯನ್ನು ಫೋನಿಗೆ ಒತ್ತಿ ಹಿಡಿದ. ಅಕ್ಕನಿಗೆ ಇನ್ನೂ ಕಾಲೂರೋಕೆ ಆಗ್ತಿಲ್ಲ ರೀ ಎಂದಳು. ಹೌದಾ ಪಾಪ ಎಂದ ಇವನು. ನೋಡಿ, ಅಷ್ಟು ವರ್ಷ ಒಂದೇ ಕುಂಬಳಕಾಯಿ ಹಂಚಿ ತಿಂದವರು ಈಗ ಸುಳ್ಳನ್ನೂ ಸಮನಾಗಿ ಹಂಚಿಕೊಂಡಿದ್ದರು. 'ಸಾಕು, ಬಾ' ಎನ್ನುವ ಮಾತು ಅವನ ನಾಲಿಗೆ ತುದಿಯವರೆಗೂ ಬಂದಿತ್ತು. ಆದರೆ ಅವಳು ಬಂದ ದಿನವೇ ನೋವೂ ಬಂದರೆ? ಆಮೇಲೆ ಅವಳ ಮುಖ ನೋಡಿಕೊಂಡು ಉಣ್ಣುವುದು ಹೇಗೆ? ಅವನಿಗೆ ಹೆದರಿಕೆಯಾಯಿತು. ಅಕ್ಕನ್ನ ಚೆನ್ನಾಗಿ ನೋಡ್ಕೋ ಎಂದು ಫೋನಿಟ್ಟ.

ಮರುದಿನ ಮಧ್ಯಾಹ್ನ ತಿಂದದ್ದು ಬರೀ ಒಣ ಬ್ರೆಡ್ಡು. ಮೀನಿಲ್ಲ, ಖಾರವಿಲ್ಲ, ತಪ್ಪು ಹೊರಿಸಲು ಒಂದು ಎಸಳು ಈರುಳ್ಳಿಯೂ ಇಲ್ಲ. ಪೋಸ್ಟ್‌ಮ್ಯಾನ್ ತನ್ನ ಕನ್ನಡಕದ ಕಡ್ಡಿ ಸಡಿಲವಾಗಿದೆಯೆಂದು ಬಂದಿದ್ದ. ಪುಟಾಣಿ ತಿರುಪನ್ನು ತೂತಿಗೆ ಕೂರಿಸುವಾಗ ಹೊಕ್ಕುಳ ಹತ್ತಿರ ಏನೋ ಮಿಸುಕಿತು. ಇನ್ನೆರಡು ಸುತ್ತು ತಿರುಗಿಸುವಷ್ಟರಲ್ಲಿ ಅದು ಒಳಗೆ ಹಿಂಡಿ ಹಿಪ್ಪೆ ಮಾಡತೊಡಗಿತು. ಅದೇ ಹಳೆಯ ನೋವು, ಅದೇ ಜಾಗ. ಕನ್ನಡಕವನ್ನು ಪೋಸ್ಟ್‌ಮ್ಯಾನ್ ಕೈಗೆ ತುರುಕಿ ಹಿಂದಕ್ಕೆ ಓಡಿದ.

ಒಳಗೆ ಹಣೆಯಿಂದ ಬೆವರು ತೊಟ್ಟಿಕ್ಕುತ್ತಿತ್ತು. ಅವನು ಗೋಡೆಗೆ ಕೈಯೂರಿ ನಗುತ್ತಿದ್ದ. ಅವಳಿಲ್ಲ! ಅವಳು ಇಲ್ಲಿ ಇಲ್ಲವೇ ಇಲ್ಲ, ಆದರೂ ಬಂದಿದೆ! ಇನ್ನೊಮ್ಮೆ ತಿರುಚಿತು, ಅವನು ಇನ್ನೂ ಜೋರಾಗಿ ನಕ್ಕ.

"ಏನ್ ಸ್ವಾಮೀ, ಒಳಗೊಬ್ರೇ ನಗ್ತಿದೀರಲ್ಲ, ಹುಷಾರಾಗಿದೀರಾ?" ಎಂದು ಪೋಸ್ಟ್‌ಮ್ಯಾನ್ ಕೂಗಿದ.

"ಇಲ್ಲಪ್ಪಾ, ಒಂಚೂರೂ ಹುಷಾರಿಲ್ಲ!"

ಸಂಜೆಯವರೆಗೆ ಕಾಯುವ ತಾಳ್ಮೆ ಯಾರಿಗಿದೆ? ಹೊಟ್ಟೆಯ ಮೇಲೆ ಒಂದು ಕೈ ಇಟ್ಟುಕೊಂಡೇ ಫೋನು ಹಚ್ಚಿದ.

"ಹೊಟ್ಟೆ ಕೆಟ್ಟಿದೆ ಕಣೇ! ಸಿಕ್ಕಾಪಟ್ಟೆ ಕೆಟ್ಟಿದೆ!"



"ಇಷ್ಟು ದಿನ ಚೆನ್ನಾಗಿತ್ತು ಅಲ್ವಾ?" ಎಂದಳು.

"ನಿಂಗೆ... ಯಾರು ಹೇಳಿದ್ದು?"

"ಯಾರು ಹೇಳ್ಬೇಕು? ನೋವಿದ್ರೆ ನೀವು ಮಾತಿನ ಮಧ್ಯೆ ಉಸಿರು ಹಿಡೀತೀರಿ. ನಾನಿಲ್ಲಿಗೆ ಬಂದ್ಮೇಲೆ ಒಂದು ಸಲಾನೂ ಹಿಡೀಲಿಲ್ಲ."

"ಹಾಗಲ್ಲ ಕಣೇ..."

"ಎಲ್ಲಾ ತೆಗ್ದು ನೋಡಿದ್ವಲ್ಲ ರೀ. ಉಳಿದಿದ್ದು ನಾನೊಬ್ಳೇ. ನೀವು ಹೇಗೂ ಬಾಯ್ಬಿಟ್ಟು ಹೇಳಲ್ಲ. ಅದಕ್ಕೇ ಇಲ್ಲೇ ಉಳ್ಕೊಂಡೆ."

ನೋವು ಮತ್ತೊಮ್ಮೆ ಎದ್ದು ಬಂತು. ಉಸಿರು ಬಿಗಿಹಿಡಿದು ಮೇಜಿನ ಅಂಚನ್ನು ಹಿಡಿದುಕೊಂಡ. ಅವಳು ಅದನ್ನು ಆ ಕಡೆಯಿಂದಲೇ ಕೇಳಿಸಿಕೊಂಡಳು.

"ಹಾಗಾದ್ರೆ ನಾನು ಮನೆಗೆ ಬರ್ಲಾ ರೀ?" ಎಂದು ಕೇಳಿದಳು.