ಉಜ್ವಲಾ ನಿಪ್ಪಾಣಿಯ ದನಿ

ಅಥಣಿಯ ಹಳೇ ಪೇಟೆಯ ಓಣಿಯಲ್ಲಿ ತಂಗಿಯ ಮಗಳು ಅರ್ಶಿಯಾಳ ಜೊತೆ ಇದ್ದ ಮೆಹರುಬಿಯನ್ನು ನೆರೆಯ ಹುಡುಗಿಯರು ಖಾಲಾ ಎಂದು ಕರೆಯುತ್ತಿದ್ದರು. ಅವರ ಅವ್ವಂದಿರಿಗೆ ಮಾತ್ರ ಅವಳು ಇನ್ನೂ ಉಜ್ವಲಾ ನಿಪ್ಪಾಣಿ. ನಿಪ್ಪಾಣಿಯ ಬೀಡಿ ಕಟ್ಟುವವಳೊಬ್ಬಳ ಹೊಟ್ಟೆಯಲ್ಲಿ ಹುಟ್ಟಿ, ಹದಿನಾಲ್ಕನೆಯ ವಯಸ್ಸಿಗೆ ನಾಟಕ ಕಂಪನಿ ಸೇರಿ, ಆ ಹೆಸರಿನಲ್ಲಿ ಮೂವತ್ತು ವರ್ಷ ಬಣ್ಣ ಹಚ್ಚಿದ್ದಳು. ಮೈಕು ಕೈಕೊಟ್ಟ ದಿನವೂ ಅವಳ ಮಾತು ತಗಡಿನ ಥೇಟರಿನ ಕಡೆಯ ಬೆಂಚಿಗೆ ಮುಟ್ಟುತ್ತಿತ್ತು. ಒಂಬತ್ತು ಸಿನಿಮಾಗಳಲ್ಲೂ ಮಾಡಿದ್ದಳು. ತೊಂಬತ್ತೆಂಟರಲ್ಲಿ ಕಂಪನಿ ಮುಚ್ಚಿತು. ಆಮೇಲೆ ಹಾರೂಗೇರಿ, ತೆಲಸಂಗದ ಹವ್ಯಾಸಿ ಹುಡುಗರು ತಮ್ಮ ನಾಟಕಗಳಿಗೆ ತಾಯಿಯ ಪಾತ್ರಕ್ಕೆಂದು ಕರೆಯುತ್ತಿದ್ದರು. ಬರಬರುತ್ತ ಅವರೂ ಬಿಟ್ಟರು.

ಎರಡು ಸಾವಿರದ ಹತ್ತರ ಡಿಸೆಂಬರಿನಲ್ಲಿ ವಿಕ್ರಾಂತ ಎಂಬ ಸಿನಿಮಾ ನಿರ್ದೇಶಕ ಅವಳ ಮನೆ ಕೇಳಿಕೊಂಡು ಬಂದ. ಚಿಕ್ಕೋಡಿಯವನು, ಮೂವತ್ತರ ಆಸುಪಾಸು.

"ನಮ್ಮಜ್ಜಿ ನಿಮ್ಮ ನಾಟಕ ಅಂದ್ರ ಬಂಡಿ ಕಟ್ಟಿಸ್ಕೊಂಡು ಹೋಗ್ತಿದ್ಲರಿ," ಎಂದ. "ಈ ತಾಯಿ ಪಾತ್ರ ನಿಮ್ಮ ಸಲುವಾಗೇ ಬರದೇನಿ. ನೀವು ಒಲ್ಲೆ ಅಂದ್ರ ಪಿಚ್ಚರ್ ಇಲ್ಲ."

ಮೆಹರುಬಿ ಒಳಗೆ ಹೋಗಿ ಚಹಾಕ್ಕೆ ನೀರಿಟ್ಟಳು.

ಕಾಗವಾಡದ ಹತ್ತಿರ, ಒಣದ್ರಾಕ್ಷಿ ಮಾಡುವ ಶೆಡ್ಡೊಂದರಲ್ಲಿ ಚಿತ್ರೀಕರಣ ನಡೆಯಿತು. ಗಂಡನ ಮನೆಯಲ್ಲಿ ಸತ್ತ ಮಗಳನ್ನು ನೋಡಲು ದ್ರಾಕ್ಷಿ ಕೆಲಸದ ತಾಯಿ ಬರುತ್ತಾಳೆ. ಬೀಗರು ಸಾಲಾಗಿ ನಿಂತಿರುತ್ತಾರೆ. ತಾಯಿ ಯಾರನ್ನೂ ಬೈಯದೆ ಹೆಣದ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಮಾತಾಡುತ್ತಾಳೆ. "ಏಳವ್ವಾ, ತಲಿ ಬಾಚತೇನಿ ಏಳ. ಹಿಂಗ ಕೂದಲಾ ಬಿಟಗೊಂಡು ಮಲಗತಾರೇನ?" ಎಂದು ಶುರುವಾಗುವ ನಾಲ್ಕು ನಿಮಿಷದ ಮಾತು. ಮೆಹರುಬಿ ಅದನ್ನು ಎಲ್ಲೂ ತಡೆಯದೆ ಒಂದೇ ಸಲಕ್ಕೆ ಮುಗಿಸಿದಳು. ಕಡೆಕಡೆಗೆ ದನಿ ಒಡೆದು ಗೊಗ್ಗರಾಯಿತು, ಅದನ್ನು ಅವಳು ಹಾಗೇ ಬಿಟ್ಟಳು. ಕಟ್ ಎನ್ನುವುದನ್ನು ಮರೆತ ವಿಕ್ರಾಂತ ಕಣ್ಣು ಒರೆಸಿಕೊಳ್ಳುತ್ತಿದ್ದ.

"ಡಬ್ಬಿಂಗ್‌ಕ ಬೆಂಗಳೂರಿಗೆ ಕರಸ್ತೇನ್ರಿ," ಎಂದ, ಹೊರಡುವಾಗ. "ಗಂಟಲಾ ಕಾಯ್ಕೊಂಡಿರ್ರಿ."

ಅವಳು ಕಾಯ್ದುಕೊಂಡಳು. ಹದಿನಾಲ್ಕು ತಿಂಗಳು ತಣ್ಣೀರು ಮುಟ್ಟಲಿಲ್ಲ, ಮೊಸರು ಬಿಟ್ಟಳು. ಕಂಪನಿಯಲ್ಲಿ ಅವಳಿಗೆ ಪೇಟಿ ನುಡಿಸುತ್ತಿದ್ದ ಗಂಗಾರಾಮ ಮಾಸ್ತರ, ಎಪ್ಪತ್ತು ದಾಟಿದವನು, ಪ್ರತಿ ಗುರುವಾರ ತೆಲಸಂಗದಿಂದ ಬಸ್ಸಿಗೆ ಬಂದು ಅವಳ ದನಿಯ ಸಾಧನೆಗೆ ಪೇಟಿಯ ಶ್ರುತಿ ಹಿಡಿದು ಕೂರುತ್ತಿದ್ದ. ಫೋನು ಮಾಡಿದಾಗಲೆಲ್ಲ ವಿಕ್ರಾಂತ "ಇನ್ನೂ ಎಡಿಟಿಂಗ್ ನಡದೈತ್ರಿ" ಎನ್ನುತ್ತಿದ್ದ. ಆಮೇಲೆ ಫೋನು ಎತ್ತುವುದನ್ನೇ ಬಿಟ್ಟ. ಕಡೆಗೊಂದು ದಿನ ಅರ್ಶಿಯಾ ಪೇಪರು ಹಿಡಿದು ಬಂದಳು. ಸಿನಿಮಾ ಶುಕ್ರವಾರ ಬಿಡುಗಡೆ ಎಂದಿತ್ತು.

"ಡಬ್ಬಿಂಗ್ ಮಾಡದ ಹೆಂಗ ಬಿಡ್ತಾರ?" ಎಂದಳು ಮೆಹರುಬಿ.

"ಶೂಟಿಂಗ್‌ದಾಗಿಂದ ಇಟ್ಟಿರಬೇಕು ಖಾಲಾ. ಅಷ್ಟ ಚಂದ ಬಂದಿತ್ತಲ್ಲ."

ಅವಳಿಗೂ ಅದೇ ಸರಿ ಎನಿಸಿತು. ಶುಕ್ರವಾರ ಮಧ್ಯಾಹ್ನದ ಆಟಕ್ಕೆ ಗಂಗಾರಾಮನೂ ಸೇರಿ ಮೂವರೂ ಚಿಕ್ಕೋಡಿಗೆ ಹೋದರು. ಟಿಕೆಟು ಹರಿಯುವವನು ಅವಳ ಗುರುತು ಹಿಡಿದು ಕೈ ಮುಗಿದ. ಥೇಟರು ಅರ್ಧ ತುಂಬಿತ್ತು. ತೆರೆಯ ಮೇಲೆ ಅವಳು ಶೆಡ್ಡಿನಿಂದ ಹೊರಗೆ ಬಂದಳು, ಬಿಸಿಲಿಗೆ ಕಣ್ಣು ಕಿರಿದು ಮಾಡಿದಳು, ಬಾಯಿ ತೆರೆದಳು. ಬೇರೆ ಯಾರೋ ಮಾತಾಡಿದರು.

ತೆಳ್ಳನೆಯ, ನುಣುಪಾದ, ಚಿಕ್ಕ ವಯಸ್ಸಿನ ದನಿ ಅದು. ಮಗಳು ಸತ್ತ ದೃಶ್ಯ ಬಂದಾಗಲೂ ಅದೇ ದನಿ, "ಏಳಮ್ಮಾ, ತಲೆ ಬಾಚ್ತೀನಿ ಏಳು," ಎಂದಿತು. ಹೆಣದ ಮುಂದೆ ಕುಳಿತವಳ ಕುತ್ತಿಗೆಯ ನರ ಉಬ್ಬುತ್ತಿತ್ತು, ಎದೆ ಏರಿಳಿಯುತ್ತಿತ್ತು, ದನಿ ಮಾತ್ರ ಒಂದೇ ಸಮ ಹರಿದು ಹೋಯಿತು, ಎಲ್ಲೂ ಒಡೆಯಲಿಲ್ಲ. ಸುತ್ತ ಹೆಂಗಸರು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದರು. ಗಂಗಾರಾಮ ಕತ್ತಲಲ್ಲೇ ಎದ್ದು ನಿಂತ.

"ಇದು ಅಲ್ಲ," ಎಂದ ಗಟ್ಟಿಯಾಗಿ. "ಏ, ಇದು ಅಕೀ ದನಿ ಅಲ್ಲಲೇ!"

"ಕುಂದರೋ ಯಜ್ಜಾ," ಎಂದರು ಹಿಂದಿನವರು.

ಮೆಹರುಬಿ ಅವನ ಅಂಗಿ ಹಿಡಿದು ಎಳೆದು ಕೂರಿಸಿದಳು. ಆಟ ಬಿಟ್ಟ ಮೇಲೆ ಮುದುಕಿಯೊಬ್ಬಳು ಅವಳ ಗಲ್ಲ ಮುಟ್ಟಿ ನೆಟಿಕೆ ಮುರಿದಳು. "ಏನ್ ದನಿ ಕೊಟ್ಟಾನವ್ವಾ ದೇವರು ನಿನಗ!" ಎಂದಳು.

ಸಿನಿಮಾ ಓಡಿತು. ಪತ್ರಕರ್ತರ ಸಂಘವೊಂದು ಅವಳನ್ನು ಆ ವರ್ಷದ ಪೋಷಕ ನಟಿ ಎಂದು ಆರಿಸಿತು. ತಲೆ ಬಾಚುವ ಆ ಮಾತು ಎಲ್ಲರ ಮೊಬೈಲಿನಲ್ಲಿ ಹರಿದಾಡಿತು, ಸನ್ಮಾನಕ್ಕೆ ಕರೆ ಮೇಲೆ ಕರೆ ಬಂತು. ಮೊದಲನೆಯದು ರಾಯಬಾಗದಲ್ಲಿ. ಅಲ್ಲಿಯ ಮುಂದಾಳು ಆಬಾಸಾಹೇಬರು ಶಾಲು ಹೊದಿಸಿ, "ಅಕ್ಕಾರ, ಆ ಡೈಲಾಗ್ ಒಂದ ಸಲ ಆಗಲಿ," ಎಂದರು.

ಹದಿನಾಲ್ಕು ವರ್ಷದ ಮೇಲೆ ಅಷ್ಟು ಜನ ಅವಳ ಎದುರಿಗೆ ಕೂತಿದ್ದರು. ಮೆಹರುಬಿ ಮೈಕು ಸರಿಸಿದಳು. ಕಾಗವಾಡದ ಶೆಡ್ಡಿನಲ್ಲಿ ಹೇಳಿದಂತೆಯೇ ಹೇಳಿದಳು. "ಏಳವ್ವಾ, ತಲಿ ಬಾಚತೇನಿ ಏಳ..." ದನಿ ಕಡೆಯ ಕುರ್ಚಿಗೆ ಹೋಗಿ ಮುಟ್ಟಿದ್ದು ಅವಳಿಗೆ ಗೊತ್ತಾಯಿತು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೋ ನಕ್ಕರು. "ಇದಲ್ರೀ," ಎಂದು ನಡುವಿನಿಂದ ಒಬ್ಬ ವಿನಯದಿಂದಲೇ ಕೂಗಿದ, "ಪಿಚ್ಚರದಾಗಿಂದು ಹೇಳ್ರಿ!"

ಆಬಾಸಾಹೇಬರಿಗೆ ಮುಜುಗರವಾಯಿತು. "ಅಕ್ಕಾರಿಗೆ ಗಂಟಲಾ ಕಟ್ಟೇತಿ," ಎಂದು ಸಭೆಗೆ ಹೇಳಿ, ತಮ್ಮ ಮೊಬೈಲನ್ನು ಮೈಕಿಗೆ ಹಿಡಿದರು. "ನೀವು ಬರೇ ಬಾಯಿ ಆಡಸ್ರಿ," ಎಂದರು ಅವಳ ಕಿವಿಯಲ್ಲಿ.

ಅವಳು ಕೆಳಗಿಳಿದು ಹೋಗಬಹುದಿತ್ತು. ಆದರೆ ಪಾತ್ರ ಅರ್ಧಕ್ಕೆ ಬಿಟ್ಟು ರಂಗದಿಂದ ಇಳಿದದ್ದು ಅವಳ ಜನ್ಮದಲ್ಲಿ ಇರಲಿಲ್ಲ. ಮೊಬೈಲಿನ ದನಿ ಶುರುವಾಯಿತು, ಅವಳ ತುಟಿ ಆಡಿದವು. ಅವಳ ಬಾಯಿಯ ಅಳತೆಗೇ ಕೂರಿಸಿದ ದನಿ, ಒಂದು ಅಕ್ಷರವೂ ಆಚೀಚೆ ಆಗಲಿಲ್ಲ. ಮುಗಿದಾಗ ಚಪ್ಪಾಳೆ ನಿಲ್ಲಲೇ ಇಲ್ಲ.

ಸನ್ಮಾನಕ್ಕೆ ಜೊತೆಗೆ ಬಂದಿದ್ದ ಗಂಗಾರಾಮ ಬಸ್ ಸ್ಟ್ಯಾಂಡಿನಲ್ಲಿ, "ಇನ್ನ ಮ್ಯಾಲೆ ನಾ ಬರಾಂಗಿಲ್ಲ ಮೆಹರಕ್ಕಾ," ಎಂದ. "ಸಿಟ್ಟಿಲ್ಲ. ನನಗ ನೋಡಾಕ ಆಗೂದಿಲ್ಲ."

"ಹೋಗ್ರಿ ಮಾಸ್ತರ, ನಿಮ್ಮ ಬಸ್ ಬಂತು," ಎಂದಳು ಅವಳು. ಮುಂದಿನ ಗುರುವಾರದಿಂದ ಅವನು ಬರಲಿಲ್ಲ. ಅವಳು ಮಾತ್ರ ಹಾರೂಗೇರಿಗೂ ಹೋದಳು, ನಿಪ್ಪಾಣಿಗೂ ಹೋದಳು, ಹೋದಲ್ಲೆಲ್ಲ ಬಾಯಿ ಆಡಿಸಿದಳು.

ಆ ಬೇಸಿಗೆಯಲ್ಲಿ ಬೆಂಗಳೂರಿನಿಂದ ಒಂದು ಫೋನು ಬಂತು. ಆ ದನಿಯನ್ನು ಕೇಳಿದೊಡನೆ ಮೆಹರುಬಿ ಗುರುತು ಹಿಡಿದಳು.

"ಅಮ್ಮಾ, ನಾನು ಶಾರ್ವರಿ ಅಂತ. ನಿಮ್ಮ ಪಾತ್ರಕ್ಕೆ ಮಾತಾಡಿದ್ದು ನಾನೇ. ತುಂಬಾ ದಿನದಿಂದ ಕ್ಷಮೆ ಕೇಳ್ಬೇಕು ಅಂತಿದ್ದೆ."

"ನೀ ಏನ್ ಮಾಡಿದಿ ಮಗಳ? ಹೇಳಿದ್ದ ಕೆಲಸಾ ಮಾಡಿದಿ."

"ನಿಮ್ಮ ದನಿ ಕಿವಿಗೆ ಹಾಕಿದ್ರು ಅಮ್ಮಾ, ಅದನ್ನ ಕೇಳ್ಕೊಂಡು ನಾನು ಹೇಳ್ಬೇಕಿತ್ತು. ಎರಡು ಸಲ ಅಳು ಬಂದು ಆಗ್ಲೇ ಇಲ್ಲ. ಇದನ್ನೇ ಇಟ್ಕೊಳ್ಳಿ ಅಂತ ನಾನೇ ಹೇಳ್ದೆ ಅವರಿಗೆ."

ಮೆಹರುಬಿ ಫೋನು ಇಟ್ಟಳು. ಹಾಗಾದರೆ ತನ್ನ ದನಿ ಇದೆ, ಎಲ್ಲೋ ಇದೆ. ಅವಳ ನಾಟಕಗಳನ್ನು ಯಾರೂ ರೆಕಾರ್ಡು ಮಾಡಿಟ್ಟಿರಲಿಲ್ಲ. ಹಳೆಯ ಸಿನಿಮಾಗಳ ಪ್ರಿಂಟು ಎಲ್ಲಿ ಹೋದವೋ ಯಾರಿಗೂ ಗೊತ್ತಿರಲಿಲ್ಲ. ಈ ನಾಲ್ಕು ನಿಮಿಷವಾದರೂ ಸಿಕ್ಕರೆ ಸಾಕು, ಮಂದಿಗೆ ಕೇಳಿಸುವುದೂ ಬೇಡ, ತನ್ನ ಹತ್ತಿರ ಇದ್ದರೆ ಸಾಕು. ಅರ್ಶಿಯಾಳನ್ನು ಕರೆದುಕೊಂಡು, ವಿಕ್ರಾಂತ ಊರಿಗೆ ಬಂದದ್ದನ್ನು ವಿಚಾರಿಸಿಕೊಂಡು, ಚಿಕ್ಕೋಡಿಗೆ ಹೋದಳು.

ವಿಕ್ರಾಂತ ಅವಳ ಕಾಲು ಮುಟ್ಟಿದ. ಕೂರಿಸಿದ. ಆಮೇಲೆ ನೆಲ ನೋಡುತ್ತ ಕೂತ.

"ಸಿನಿಮಾ ಹಂಚೋರು ಒಪ್ಪಲಿಲ್ರಿ. ದನಿಗೆ ವಯಸ್ಸಾಗೇತಿ, ಈ ಭಾಷಾ ಮೈಸೂರು ಕಡೆ ಮಂದಿಗೆ ತಿಳಿಯೂದಿಲ್ಲ ಅಂದ್ರು. ನಿಮಗ ಹೇಳಾಕ ನನಗ ಧೈರ್ಯ ಸಾಲಲಿಲ್ಲ."

"ಅದಿರಲಿ ತಮ್ಮಾ. ನನ್ನದು ನನಗ ಕೊಡು."

"ಅದು ಇಲ್ರಿ. ಹಾರ್ಡ್‌ಡಿಸ್ಕ್ ಖಾಲಿ ಮಾಡಿ ಮುಂದಿನ ಪಿಚ್ಚರಿಗೆ ತಗೊಂಡ್ವಿ. ಅಷ್ಟೂ ಅಳಿಸಿ ಹೋಗೇತ್ರಿ."

"ಎಲ್ಲಾ?"

"ಎಲ್ಲಾ ರೀ."

ಅವನ ತಾಯಿ ಉಪ್ಪಿಟ್ಟು ತಂದಿಟ್ಟಳು. ಮೆಹರುಬಿ ಮರ್ಯಾದೆಗೆ ಎರಡು ತುತ್ತು ತಿಂದು ಎದ್ದಳು. ಬಸ್ಸಿನಲ್ಲಿ ಅರ್ಶಿಯಾ ಅತ್ತಳು. ಮೆಹರುಬಿ ಕಿಟಕಿಯಾಚೆ ಕಬ್ಬಿನ ಗದ್ದೆಗಳನ್ನು ನೋಡುತ್ತ ಕೂತಿದ್ದಳು. ಅಂದಿನಿಂದ ಮನೆಯಲ್ಲಿ ಮಾತು ಕಡಿಮೆಯಾಯಿತು. ಏನಾದರೂ ಬೇಕಾದರೆ ಕೈ ತೋರಿಸುತ್ತಿದ್ದಳು.

ಎರಡು ಸಾವಿರದ ಹದಿನಾಲ್ಕರಲ್ಲಿ ಟಿವಿ ಧಾರಾವಾಹಿಯವರು ಅಜ್ಜಿಯ ಪಾತ್ರಕ್ಕೆ ಕೇಳಿದರು. ಅಕ್ಕೋಳದ ಹಳೇ ವಾಡೆಯೊಂದರಲ್ಲಿ ಚಿತ್ರೀಕರಣ.

"ಬ್ಯಾಡ ಖಾಲಾ," ಎಂದಳು ಅರ್ಶಿಯಾ. "ಅಲ್ಲೂ ಹಂಗ ಮಾಡ್ತಾರ."

"ಗೊತ್ತೈತಿ," ಎಂದಳು ಮೆಹರುಬಿ. "ಬಣ್ಣಾ ಹಚ್ಚದ ನಾ ಏನ್ ಮಾಡ್ಲಿ? ಇಲ್ಲಿ ಕುಂತು ಸಾಯೂ ಬದಲಿ ಅಲ್ಲೇ ಹೋಗ್ತೇನಿ."

ಮೊದಲ ದಿನವೇ ಅಳುವ ದೃಶ್ಯವಿತ್ತು. ಮೊಮ್ಮಗಳು ಮನೆ ಬಿಟ್ಟು ಹೋಗುತ್ತಾಳೆ, ಅಜ್ಜಿ ಹೊಸ್ತಿಲಲ್ಲಿ ನಿಂತು ತಡೆಯುತ್ತಾಳೆ. ಮೆಹರುಬಿ ಮಾತು ಬರೆದ ಹಾಳೆ ಕೇಳಿದಳು. ಸಹಾಯಕ ನಿರ್ದೇಶಕಿ ಅವಸರದಲ್ಲಿದ್ದಳು.

"ಡೈಲಾಗ್ ಇನ್ನೂ ಬರೆದಿಲ್ಲ ಅಜ್ಜಿ. ಒಂದು, ಎರಡು, ಮೂರು ಅಂತ ಹೇಳ್ತಾ ಹೋಗಿ, ಆಮೇಲೆ ವಾಯ್ಸ್ ಹಾಕ್ಕೋತೀವಿ. ಮುಖ ಚೆನ್ನಾಗಿ ಬಂದ್ರೆ ಸಾಕು."

"ಎಷ್ಟರ ತನಕಾ ಎಣಸ್ಲಿ?"

"ಕಟ್ ಅನ್ನೋ ತನಕ."

ದೀಪಗಳು ಹೊತ್ತಿಕೊಂಡವು. ಮೆಹರುಬಿ ಹೊಸ್ತಿಲ ಮೇಲೆ ಕೈ ಚಾಚಿ ನಿಂತಳು. ಒಂದು, ಎಂದಳು. ಎರಡು. ಮೂರು, ನಾಲ್ಕು. ಏಳಕ್ಕೆ ಕಣ್ಣು ತುಂಬಿದವು, ಹನ್ನೊಂದಕ್ಕೆ ದನಿ ನಡುಗಿತು, ಹತ್ತೊಂಬತ್ತಕ್ಕೆ ಒಡೆಯಿತು. ಮೊಮ್ಮಗಳ ಪಾತ್ರದ ಹುಡುಗಿ ನಿಜವಾಗಿಯೂ ಬಿಕ್ಕತೊಡಗಿದಳು. ವಾಡೆಯ ಅಂಗಳದಲ್ಲಿ ಅರ್ಶಿಯಾ ಗೋಡೆಯ ಕಡೆ ಮುಖ ತಿರುಗಿಸಿ, ಎರಡೂ ಕಿವಿ ಮುಚ್ಚಿಕೊಂಡು ನಿಂತಿದ್ದಳು. ಯಾರೂ ಕಟ್ ಎನ್ನಲಿಲ್ಲ. ಮೆಹರುಬಿ ಮೂವತ್ತಾರು, ಮೂವತ್ತೇಳು ಎಂದು ಅಂಗಲಾಚುತ್ತಲೇ ಇದ್ದಳು.