ಪಟ್ಟಿಯಲ್ಲಿಲ್ಲದ ದನಿ

ಹೆಬ್ಬಾಳದ ಮೇಲ್ಸೇತುವೆ ಪಕ್ಕದ ಆ ಕಚೇರಿಯ ಕಂಪ್ಯೂಟರುಗಳೆಲ್ಲ ಲಿನಕ್ಸ್‌ಗೆ ಬದಲಾಗಿ ಎರಡು ವರ್ಷವಾಗಿತ್ತು. ಇದು ಸ್ವತಂತ್ರ ತಂತ್ರಾಂಶ, ಯಾರು ಬೇಕಾದರೂ ಬಿಚ್ಚಿ ನೋಡಬಹುದು ಎಂದು ಸುತ್ತೋಲೆ ಹೊಗಳಿತ್ತು. ಅದೇ ಸುತ್ತೋಲೆಯ ಕೊನೆಯ ಸಾಲು, ಲಿನಕ್ಸ್ ತನ್ನ ಜೊತೆಗೇ ತಂದಿರುವ ತಂತ್ರಾಂಶಗಳ ಪಟ್ಟಿಯಲ್ಲಿ ಇಲ್ಲದ್ದನ್ನು ಅಧಿಕಾರಿಯ ಲಿಖಿತ ಅನುಮತಿ ಇಲ್ಲದೆ ಹಾಕಕೂಡದು ಎನ್ನುತ್ತಿತ್ತು. ಸ್ವಾತಂತ್ರ್ಯ ಘೋಷಿಸಿ ಬೀಗದ ಕೈ ಜೇಬಿಗಿಳಿಸುವುದನ್ನು ನಮ್ಮ ಕಚೇರಿಗಳಿಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ.

ಯಶೋಧಾ ಅಲ್ಲಿ ಹನ್ನೊಂದು ವರ್ಷದಿಂದ ಗುತ್ತಿಗೆಯ ಮೇಲೆ ಟೆಲಿಫೋನ್ ಆಪರೇಟರ್. ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಕೆಲಸ ಕಾಯಂ ಆಗಬೇಕಾದರೆ ಕನ್ನಡ ಬೆರಳಚ್ಚು ಪರೀಕ್ಷೆ ಪಾಸಾಗಬೇಕು. ಹನ್ನೊಂದು ವರ್ಷದಲ್ಲಿ ಇಲಾಖೆಗೆ ಆ ಪರೀಕ್ಷೆಯ ನೆನಪಾದದ್ದು ಇದೊಂದೇ ಸಲ, ಅದೂ ಅವಳ ವಯೋಮಿತಿ ಮುಗಿಯಲು ಒಂದು ತಿಂಗಳಿರುವಾಗ. ಶುಕ್ರವಾರ, ಹನ್ನೊಂದರಿಂದ ಹನ್ನೆರಡು; ತೆರೆಯ ಮೇಲೆ ಬರುವ ಪಾಠವನ್ನು ಹಾಗೇ ಬೆರಳಚ್ಚಿಸಬೇಕು. ತಪ್ಪಿದರೆ ಜೀವನಪೂರ್ತಿ ಗುತ್ತಿಗೆ.

ಅಂದು ಹತ್ತು ಗಂಟೆಗೇ ಬಂದು ಹೆಡ್‌ಫೋನ್ ಹಾಕಿಕೊಂಡಳು. ತೆರೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶವೇನೋ ಇತ್ತು. ಅದಕ್ಕೆ ಕನ್ನಡದ ದನಿ ಇರಲಿಲ್ಲ. ಇದ್ದ ಇಂಗ್ಲಿಷ್ ದನಿ ಕನ್ನಡದ ಪ್ರತಿ ಅಕ್ಷರಕ್ಕೂ "ಲೆಟರ್, ಲೆಟರ್, ಲೆಟರ್" ಎಂದು ಒದರಿತು.

"ಮುನೀಂದ್ರಾ, ಇದನ್ನ ಪೋಸ್ಟಾಫೀಸಿಗೆ ಸೇರಿಸ್ಬೇಕಿತ್ತು ಕಣೋ," ಎಂದಳು.

ಮುನೀಂದ್ರ ಕಂಪ್ಯೂಟರ್ ರಿಪೇರಿಯವನು, ಅವನೂ ಗುತ್ತಿಗೆಯೇ. ಕನ್ನಡ ದನಿಯ ಹೆಸರು ಟೈಪು ಮಾಡಿ ಹುಡುಕಿದ. ಅಂಥ ಪ್ಯಾಕೇಜ್ ಇಲ್ಲವೆಂದು ಯಂತ್ರ ಒಂದೇ ಸಾಲಿನಲ್ಲಿ ಉತ್ತರಿಸಿತು.

"ಪಟ್ಟೀಲಿಲ್ಲ ಯಶೋಧಕ್ಕ. ನಿಮ್ಮ ಮನೆ ಲ್ಯಾಪ್‌ಟಾಪ್‌ಗೆ ಹಾಕಿದ್ನಲ್ಲ, ಅದು ಹೊರಗಿಂದು. ಅದನ್ನ ಮಾಡಿದೋರು ಬೇರೇನೇ ಭಂಡಾರ ಇಟ್ಟವ್ರೆ. ಅದರ ಅಡ್ರೆಸ್ ಇದಕ್ಕೆ ಕೊಡ್ಬೇಕು, ಅವರದೇ ಮಾಲು ಅಂತ ಗುರುತು ಹಿಡಿಯೋ ಕೀ ಕೊಡ್ಬೇಕು, ಪಟ್ಟಿ ಹೊಸದು ಮಾಡಿ ಇಳಿಸ್ಕೋಬೇಕು. ಅರ್ಧ ಗಂಟೆ ಕೆಲಸ."

"ಮಾಡು ಮತ್ತೆ."

"ಸಾಹೇಬ್ರ ಸೈನ್ ಇಲ್ದೆ ಮಾಡಿದ್ರೆ ನಾಳೆಯಿಂದ ಯಶವಂತಪುರ ಮಾರ್ಕೆಟ್‌ನಲ್ಲಿ ಈರುಳ್ಳಿ ಮೂಟೆ ಹೊರ್ಬೇಕಾಗ್ತದೆ."

ಇಬ್ಬರೂ ಅಧಿಕಾರಿ ರಾಮಕೃಷ್ಣಪ್ಪನವರ ಕೋಣೆಗೆ ಹೋದರು. ಪರೀಕ್ಷೆ ನಡೆಸುವವರೂ ಅವರೇ. ಸಾಹೇಬರು ಅಂಗವಿಕಲರ ದಿನಾಚರಣೆಯಲ್ಲಿ ಪ್ರತಿ ವರ್ಷ ಮುಕ್ಕಾಲು ಗಂಟೆ ಮಾತಾಡುವವರು. ಕುರ್ಚಿ ತೋರಿಸಲು ಮರೆತರು.

"ಪಟ್ಟೀಲಿಲ್ಲ ಅಂದ್ರೆ ಇಲ್ಲ ಕಣಮ್ಮ. ಹೊರಗಿನದನ್ನ ಒಳಗೆ ಬಿಟ್ರೆ ವೈರಸ್ಸು, ಗಿರಸ್ಸು. ಜವಾಬ್ದಾರಿ ಯಾರ್ದು?"

"ಬೆಂಗಳೂರಲ್ಲಿ ಕೂತ್ಕೊಂಡು ಕನ್ನಡದ ದನೀನ ಹೊರಗಿಂದು ಅಂತೀರಲ್ಲ ಸರ್."

"ಭಾಷಣ ಬೇಡಮ್ಮ. ನೀನು ಪಕ್ಕದಲ್ಲಿ ಕೂತಿರು, ಇನ್ನೊಬ್ರು ನೋಡ್ಕೊಂಡು ಟೈಪ್ ಮಾಡ್ತಾರೆ."

"ಬೆರಳಚ್ಚು ಪರೀಕ್ಷೇಲಿ ಇನ್ನೊಬ್ರ ಬೆರಳಾ? ನಾಳೆ ಅದನ್ನೇ ಹಿಡ್ಕೊಂಡು ನೀವೇ ನನ್ನನ್ನ ಫೇಲ್ ಮಾಡ್ತೀರಾ. ಈ ಆಫೀಸಿನ ಯಾವ ಕಂಪ್ಯೂಟರ್‌ಗೂ ಹೊರಗಿಂದ ಏನೂ ಹಾಕಿಲ್ವಾ?"

"ಒಂದೇ ಒಂದೂ ಇಲ್ಲ. ನನ್ನ ಕಾಲದಲ್ಲಿ ಇಲ್ಲ."

ಆಗ ಹತ್ತೂವರೆಯಾಯಿತು. ಸಾಹೇಬರ ಕಂಪ್ಯೂಟರಿನಿಂದ ಢಣ್ ಢಣ್ ಎಂದು ದೇವಸ್ಥಾನದ ಗಂಟೆ ಮೊಳಗಿತು. ರಾಮಕೃಷ್ಣಪ್ಪನವರು ಕೆಂಡ ಮುಟ್ಟಿದವರಂತೆ ಪೆನ್ನು ಕೆಳಗಿಟ್ಟರು.

"ಏನ್ಸಾರ್ ಅದು?" ಎಂದಳು ಯಶೋಧಾ.

"ರಾಹುಕಾಲ. ಹನ್ನೆರಡರವರೆಗೂ ನಾನು ಯಾವುದಕ್ಕೂ ಸೈನ್ ಹಾಕಲ್ಲ."

"ಅದಲ್ಲ, ಗಂಟೆ ಹೊಡೆದಿದ್ದು ಏನು?"

"ಪಂಚಾಂಗ. ಕಂಪ್ಯೂಟರ್‌ದು."

"ಪಟ್ಟೀಲಿದ್ಯಾ?"

ಸಾಹೇಬರು ಫ್ಯಾನಿನ ಕಡೆ ನೋಡಿದರು. ಯಶೋಧಾ ಪಕ್ಕಕ್ಕೆ ತಿರುಗಿದಳು. "ಮುನೀಂದ್ರಾ, ಪಟ್ಟೀಲಿದ್ಯೇನೋ?"

ಮುನೀಂದ್ರನಿಗೆ ಈರುಳ್ಳಿ ಮೂಟೆ ಹೆಗಲ ಮೇಲೆ ಕೂತಂತಾಯಿತು. ಆದರೂ ಬಾಯಿ ಬಿಟ್ಟ. "ಇಲ್ಲಕ್ಕ. ಯುಗಾದಿ ಟೈಮಲ್ಲಿ ನಾನೇ ಹಾಕ್ದೆ. ಹೊರಗಿನ ಭಂಡಾರದ ಅಡ್ರೆಸ್ ಕೊಟ್ಟು."

"ಅನುಮತಿ ಪತ್ರ?"

"ಸಾಹೇಬ್ರು ಬಾಯಲ್ಲೇ ಹೇಳಿದ್ರು."

"ಸರಿ ಸರ್. ನನ್ನ ಅರ್ಜಿ ತಿರಸ್ಕರಿಸಿದೀನಿ ಅಂತ ಬರೆದು ಸೈನ್ ಮಾಡ್ಕೊಡಿ. ಕೆಳಗೆ ಪಂಚಾಂಗದ ಕತೆ ನಾನು ಬರೆಸ್ಕೊಂಡು ಕಮಿಷನರ್ ಹತ್ರ ಹೋಗ್ತೀನಿ."

"ಅಯ್ಯೋ, ಈಗ ಹೆಂಗಮ್ಮ ಸೈನ್ ಹಾಕ್ಲಿ?"

ಸರ್ಕಾರ ಅಲ್ಲಿ ಸಿಕ್ಕಿಕೊಂಡಿತು. ಹೂಂ ಅನ್ನುವುದಕ್ಕೂ ಸಹಿ ಬೇಕು, ಊಹೂಂ ಅನ್ನುವುದಕ್ಕೂ ಸಹಿ ಬೇಕು. ಸಹಿಯನ್ನು ರಾಹು ನುಂಗಿದ್ದ. ಸಂವಿಧಾನಕ್ಕೂ ಅಂಗವಿಕಲರ ಕಾಯ್ದೆಗೂ ಬಗ್ಗದ ತಲೆ ಒಂದು ಗ್ರಹಕ್ಕೆ ಬಗ್ಗಿತ್ತು.

"ಹಾಗಾದ್ರೆ ಬಾಯಲ್ಲೇ ಹೇಳ್ಬಿಡಿ ಸರ್. ರೂಢಿ ಇದೆಯಲ್ಲ."

ಸಾಹೇಬರು ಗಂಟಲು ಸರಿಮಾಡಿಕೊಂಡರು. "ಹಾಕೋ ಮುನೀಂದ್ರ. ಏನ್ ಬೇಕಾದ್ರೂ ಹಾಕು. ನನಗೇನೂ ಗೊತ್ತಿಲ್ಲ."

ಅವನು ಅವಳ ಕಂಪ್ಯೂಟರಿಗೆ ವಾಪಸು ಬಂದು ಭಂಡಾರದ ವಿಳಾಸ ಸೇರಿಸಿದ. ಅವಸರದಲ್ಲಿ ಕೀ ಕೊಡುವುದು ಮರೆತ. ಗುರುತಿಲ್ಲದ ಮಾಲು ತಗೊಳ್ಳಲ್ಲ ಎಂದು ಯಂತ್ರ ಹಟ ಹಿಡಿಯಿತು. ಕೀ ಹಾಕಿ, ಪಟ್ಟಿ ಹೊಸದು ಮಾಡಿದ. ದನಿ ಹನಿ ಹನಿಯಾಗಿ ಇಳಿಯತೊಡಗಿತು. ಹನ್ನೊಂದಾಯಿತು. ಪರೀಕ್ಷೆಗೆ ಕೂತ ಅಕ್ಕಪಕ್ಕದವರ ಕೀಲಿಗಳು ಟಕಟಕ ಎನ್ನತೊಡಗಿದವು. ಯಶೋಧಾ ಮಡಿಲಲ್ಲಿ ಬೆರಳು ಹೆಣೆದುಕೊಂಡು ಕೂತಳು. ಹನ್ನೊಂದು ಇಪ್ಪತ್ತಕ್ಕೆ ಕಿವಿಯಲ್ಲಿ ಒಬ್ಬ ಗಂಡಸು ಮಾತಾಡಿದ; ಉಸಿರಾಡದ, ಏರಿಳಿತವಿಲ್ಲದ, ಆದರೆ ಅಪ್ಪಟ ಕನ್ನಡ.

"ಇಪ್ಪತ್ತು ನಿಮಿಷ ಜಾಸ್ತಿ ಕೊಡ್ತೀರಾ ಸರ್?"

"ಅದಕ್ಕೆ ನಿಯಮದಲ್ಲಿ ಅವಕಾಶ ಇಲ್ಲ," ಎಂದರು ಸಾಹೇಬರು.

ಅವಳು ಮತ್ತೆ ಕೇಳಲಿಲ್ಲ. ದನಿ ಓದಿತು, ಬೆರಳು ಓಡಿತು. ತಪ್ಪಾದಲ್ಲಿ ಅದೇ ದನಿ ತಪ್ಪನ್ನು ಹಾಗೇ ಒಪ್ಪಿಸಿತು; ಅಳಿಸಿ ತಿದ್ದಿದಳು. ಹನ್ನೆರಡಕ್ಕೆ ಕೈ ತೆಗೆಯಿರಿ ಎಂದಾಗ ಕೊನೆಯ ಎರಡು ಸಾಲು ಉಳಿದಿದ್ದವು.

ರಾಮಕೃಷ್ಣಪ್ಪನವರು ಕೆಂಪು ಪೆನ್ನು ಹಿಡಿದು ಹುಡುಕಿದರು, ಮತ್ತೆ ಹುಡುಕಿದರು. ಮೂರೇ ತಪ್ಪು. ಬಿಟ್ಟ ಸಾಲುಗಳಿಗೆ ಅಂಕ ಕಳೆದರೂ ಪಾಸಿಗೆ ಬೇಕಾದ್ದಕ್ಕಿಂತ ಆರು ಹೆಚ್ಚಿತ್ತು. ಸಹಿ ಹಾಕಿ, ಹಾಳೆಯನ್ನು ಅವಳ ಕಡೆ ತಳ್ಳಿದರು.

"ತಗೋಮ್ಮ, ಆಯ್ತಲ್ಲ. ಹೊರಡು."

ಯಶೋಧಾ ಹಾಳೆ ಮುಟ್ಟಲಿಲ್ಲ. "ಏನ್ ಬರೆದಿದೀರಾ, ಓದಿ ಸರ್."

"ಉತ್ತೀರ್ಣ," ಎಂದರು, ಬಾಯೊಳಗೇ.

"ಎಲ್ರಿಗೂ ಕೇಳೋ ಹಾಗೆ ಓದಿ ಸರ್. ನನ್ನ ಹೆಸರಿಂದ ಶುರು ಮಾಡಿ."

ಸಾಹೇಬರು ಹಾಳೆ ಎತ್ತಿಕೊಂಡು ಎದ್ದು ನಿಂತು ಓದಿದರು.