ಮುರಿಯದ ಮೊಣಕೈ

ತೊಂಬತ್ತೆಂಟರ ಮಾತು. ಹೆತ್ತೂರಿನ ಭೂತಯ್ಯನಿಗೂ ಅವನ ತಮ್ಮ ಲಕ್ಕಪ್ಪನಿಗೂ ಇಬ್ಬರ ಕಾಫಿ ತೋಟದ ಗಡಿಯಲ್ಲಿದ್ದ ಸಿಲ್ವರ್ ಮರಕ್ಕೆ ಹಬ್ಬಿದ್ದ ಮೆಣಸಿನ ಬಳ್ಳಿಗಾಗಿ ಜಗಳವಾಯಿತು. ಲಕ್ಕಪ್ಪ ಅಣ್ಣನ ಕೊರಳಪಟ್ಟಿ ಹಿಡಿದು ನೂಕಿದ, ಭೂತಯ್ಯ ಬೀಳಲಿಲ್ಲ. ಭೂತಯ್ಯನ ಹೆಂಡತಿ ಭದ್ರಮ್ಮ ಅಲ್ಲೇ ನಿಂತು ನೋಡಿದ್ದಳು.

ನಾಲ್ಕನೆಯ ದಿನ ಬೆಳಿಗ್ಗೆ ಭೂತಯ್ಯನ ಬಲ ಮೊಣಕೈ ಇದ್ದಕ್ಕಿದ್ದಂತೆ ಕೆಂಪಗೆ ಊದಿಕೊಂಡಿತು. ಕಾಫಿ ಲೋಟ ಎತ್ತಲಾರದೆ ಕೂಗಿಕೊಂಡ. ಆ ನೋವಿನ ನಡುವೆಯೂ ಗಂಡನ ಮುಖದಲ್ಲಿ ಒಂದು ಬಗೆಯ ಗೆಲುವನ್ನು ಭದ್ರಮ್ಮ ಕಂಡಳು.

"ಕೈ ಮುರ್ದವ್ನೆ ಕಣೇ ಆ ಹಲ್ಕಾ! ಎಕ್ಸ್‌ರೇ ತೆಗ್ಸಿ ಸ್ಟೇಷನ್ನಿಗೆ ಕೊಡ್ತೀನಿ. ಕಂಬಿ ಎಣಿಸ್ಲಿ."

"ಅವ್ನು ನಿಮ್ಮ ಕೈ ಮುಟ್ಟೇ ಇಲ್ವಲ್ಲ?"

"ನೀನ್ಯಾರ ಕಡೆ?"

ಹೆಂಡತಿಯನ್ನು ಕರೆದುಕೊಂಡು ಬಸ್ಸು ಹತ್ತುವ ಮೊದಲೇ ಭೂತಯ್ಯ ಅರ್ಧ ಊರಿಗೆ ಸುದ್ದಿ ಮುಟ್ಟಿಸಿದ್ದ.

ಸಕಲೇಶಪುರದಲ್ಲಿ ಡಾಕ್ಟರ್ ನಟರಾಜ್ ಎಕ್ಸ್‌ರೇ ಫಿಲ್ಮನ್ನು ಬೆಳಕಿಗೆ ಹಿಡಿದರು. "ಮೂಳೆ ಎಲ್ಲೂ ಬಿರುಕು ಬಿಟ್ಟಿಲ್ಲ. ಇಲ್ಲಿ ನೋಡಿ," ಎಂದು ಮೂಳೆಯ ಪಕ್ಕದಲ್ಲಿದ್ದ ಅಕ್ಕಿಕಾಳಿನಷ್ಟು ಬಿಳಿ ಮಚ್ಚೆ ತೋರಿಸಿದರು. "ಸ್ನಾಯು ಮೂಳೆಗೆ ಅಂಟೋ ಜಾಗದಲ್ಲಿ ಸುಣ್ಣದಂಶ ಕೂತಿದೆ. ಈಗ ಕರಗೋಕೆ ಶುರುವಾಗಿದೆ, ಅದಕ್ಕೇ ಈ ನೋವು. ವಾಸಿಯಾಗುತ್ತೆ."

"ನನ್ನ ತಮ್ಮ ನೂಕಿದ್ದಕ್ಕೆ ಆಗಿದ್ದು ಸಾರ್."

"ನಾಲ್ಕು ದಿನದಲ್ಲಿ ಕೂರೋ ಸುಣ್ಣ ಅಲ್ಲ ಇದು. ತಿಂಗಳುಗಟ್ಟಲೆ ಒಳಗೇ ಇತ್ತು."

"ಮುರಿದೈತೆ ಅಂತ ಬರ್ಕೊಡಿ."

"ಮಾತ್ರೆ ಬರ್ದಿದೀನಿ. ತಗೊಂಡು ಏಳ್ರೀ ಮೇಲೆ."

ಹೊರಗೆ ಬಂದು ಭೂತಯ್ಯ ಥೂ ಎಂದು ಉಗಿದ. "ಡಾಕ್ಟ್ರಿಗೂ ಲಕ್ಕನೇ ಹೇಳ್ಕೊಟ್ಟವ್ನೆ!"

ಹತ್ತು ದಿನಕ್ಕೆ ಊತ ಇಳಿಯಿತು. ಸಂತೆಯ ದಿನ ಗಂಡ ಹೆಂಡತಿ ಇಬ್ಬರೂ ಟೀ ಅಂಗಡಿಯಲ್ಲಿದ್ದಾಗ, ಅಂಗಡಿಯ ಬೋರಯ್ಯ ಕೈ ಹೇಗಿದೆಯೆಂದು ಕೇಳಿದ. ಎದುರು ಬೆಂಚಿನಲ್ಲಿ ಲಕ್ಕಪ್ಪ ಕೂತಿದ್ದ.

"ಮುರ್ದಿತ್ತು, ಡಾಕ್ಟ್ರು ಕೂಡಿಸಿದ್ರು," ಎಂದ ಭೂತಯ್ಯ, ತಮ್ಮನತ್ತ ನೋಡುತ್ತಾ. "ಒಡಹುಟ್ಟಿದೋನೇ ಮುರ್ದಿದ್ದು."

ಭದ್ರಮ್ಮನಿಗೆ ತಡೆಯಲಾಗಲಿಲ್ಲ. "ಮುರ್ದಿರ್ಲಿಲ್ಲ ಬೋರಯ್ಯಣ್ಣ. ಸುಣ್ಣ ಕೂತಿತ್ತು. ಎಕ್ಸ್‌ರೇಲಿ ನಾನೇ ನೋಡಿದೀನಿ."

ಅಂಗಡಿಯಲ್ಲಿದ್ದವರೆಲ್ಲ ಭೂತಯ್ಯನ ಕೈಯತ್ತ ತಿರುಗಿದರು.

"ಮನೆಗೆ ಬಾ, ಐತೆ ನಿಂಗೆ," ಎಂದು ಭೂತಯ್ಯ ಹಲ್ಲು ಕಡಿದ.

"ಬತ್ತೀನಿ. ಆ ಕೈ ನನ್ ಮೇಲೆ ಎತ್ತಿ ನೋಡಿ."

ಲಕ್ಕಪ್ಪ ಎದ್ದು, "ಅತ್ತಿಗೆ..." ಎಂದ.

"ನೀನು ಬಾಯ್ಮುಚ್ಚು. ಅಣ್ಣನ ಕೊರಳಪಟ್ಟಿಗೆ ಕೈ ಹಾಕ್ದೋನು ನೀನೇನು ಸಾಚಾನಾ?" ಎಂದು ಭದ್ರಮ್ಮ ಚೀಲ ಎತ್ತಿಕೊಂಡು ಒಬ್ಬಳೇ ಹೊರಟಳು.

ಮನೆಗೆ ಬಂದ ಮೇಲೆ ಭೂತಯ್ಯ ಕೈ ಎತ್ತಲಿಲ್ಲ. ಆದರೆ ಕಾಫಿ ಕುಯ್ಲು ಮುಗಿಯುವವರೆಗೂ ಹೆಂಡತಿಯ ಜೊತೆ ಒಂದು ಮಾತೂ ಆಡಲಿಲ್ಲ. ತಮ್ಮನ ಜೊತೆ ಆಮೇಲೂ ಆಡಲಿಲ್ಲ.